ಕಾಮಣಿಯೂ ಅಲ್ಲ, ಕುಡಿತವೂ ಅಲ್ಲ: ಹೆಪಟೈಟಿಸ್ ಸಿ ಲಿವರಿನೊಳಗೆ ಮಾಡುವುದೇನು

ಮಾನ್ಯ ಸಂಪಾದಕರೇ,

ಕಳೆದ ಗುರುವಾರ ಸಂಜೆ ಕಲಬುರಗಿಯ ಜೇವರ್ಗಿ ರಸ್ತೆಯ ಔಷಧಿ ಅಂಗಡಿಯೊಂದರಲ್ಲಿ ನಮ್ಮ ಮನೆಯವರ ಸಕ್ಕರೆ ಕಾಯಿಲೆಯ ಗುಳಿಗೆಗೆ ನಿಂತಿದ್ದೆ. ಪಕ್ಕದಲ್ಲಿ ಅಫಜಲಪುರ ಕಡೆಯ ಹುಡುಗನೊಬ್ಬ ನಿಂತಿದ್ದ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿರಬೇಕು. ನಾಲ್ಕು ಮಡಿಕೆ ಮಾಡಿದ ಲ್ಯಾಬ್ ರಿಪೋರ್ಟು ಕೈಯಲ್ಲಿತ್ತು. "ಅಪ್ಪಗ ಲಿವರ್ ಖರಾಬ್ ಆಗ್ಯಾದಂತ್ರಿ, ಚಲೋ ಟಾನಿಕ್ ಒಂದು ಕೊಡ್ರಿ" ಎಂದು ಕೇಳುತ್ತಿದ್ದ. ಅಂಗಡಿಯವರು ಎರಡು ಬಾಟಲಿ ತೆಗೆದಿಟ್ಟರು. ರಿಪೋರ್ಟಿನ ಕೆಳಗಿನ ಸಾಲು ನನ್ನ ಕಣ್ಣಿಗೆ ಬಿತ್ತು: ಎಚ್‌ಸಿವಿ, ರಿಯಾಕ್ಟಿವ್. ಹೆಪಟೈಟಿಸ್ ಸಿ ವೈರಸ್ಸಿನ ಪರೀಕ್ಷೆ ಪಾಸಿಟಿವ್ ಎಂದರ್ಥ. ಸುಮ್ಮನಿರಲು ಆಗಲಿಲ್ಲ. ಕೇಳಿದೆ. ಹುಡುಗ ಮೊದಲು ಹೇಳಿದ ಮಾತು, "ನಮ್ಮಪ್ಪ ಒಂದ್ ದಿನಾನೂ ಕುಡದಿಲ್ರಿ ಅಕ್ಕಾರ." ನಾನು ಕುಡಿತದ ಮಾತು ಎತ್ತಿರಲೇ ಇಲ್ಲ. ಎಷ್ಟು ಜನ ಕೇಳಿ ಕೇಳಿ ಈ ಉತ್ತರ ಅವನ ಬಾಯಿಗೆ ಹೀಗೆ ತಾನಾಗಿ ಬರುವಂತಾಗಿತ್ತೋ ಏನೋ. ಹತ್ತು ವರ್ಷ ನಮ್ಮ ಮನೆಯಲ್ಲೂ ಇದೇ ಉತ್ತರ ಕೊಟ್ಟಿದ್ದೇವೆ. ಅದಕ್ಕೇ ಈ ಪತ್ರ. ಉದ್ದವಾದರೆ ಕ್ಷಮಿಸಿ, ಆದರೆ ದಯವಿಟ್ಟು ಕತ್ತರಿಸಬೇಡಿ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನಮ್ಮ ಮನೆಯವರು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. 1988ರ ಮಳೆಗಾಲದಲ್ಲಿ ಹುಮನಾಬಾದ್ ರಸ್ತೆಯಲ್ಲಿ ಅವರ ಸೈಕಲ್ಲಿಗೆ ಲಾರಿ ತಾಗಿ ತೊಡೆಯ ಮೂಳೆ ಮುರಿಯಿತು. ಮೂರು ಬಾಟಲಿ ರಕ್ತ ಕೊಟ್ಟರು, ಜೀವ ಉಳಿಯಿತು. ಆ ರಕ್ತ ಕೊಟ್ಟ ಪುಣ್ಯಾತ್ಮರನ್ನಾಗಲಿ, ಏರಿಸಿದ ಡಾಕ್ಟರನ್ನಾಗಲಿ ನಾನು ಇವತ್ತಿಗೂ ದೂರುವುದಿಲ್ಲ. ಹೆಪಟೈಟಿಸ್ ಸಿ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ ಮರುವರ್ಷ, 1989ರಲ್ಲಿ. ಅದಕ್ಕೂ ಮೊದಲು ರಕ್ತ ಪಡೆದವರಿಗೆ ಬರುತ್ತಿದ್ದ ಈ ಲಿವರ್ ಬೇನೆಗೆ ಸರಿಯಾದ ಹೆಸರೂ ಇರಲಿಲ್ಲ. ಎ ಅಲ್ಲ, ಬಿ ಅಲ್ಲ ಎಂದು ಬರೆದುಕೊಳ್ಳುತ್ತಿದ್ದರಂತೆ. ಹಾರ್ವಿ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ ಈ ಕೆಲಸಕ್ಕಾಗಿಯೇ 2020ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದು 2000ದ ಇಸವಿಯ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ರಕ್ತ ಏರಿಸಿಕೊಂಡವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರೋ!

ಅಪಘಾತದ ನಂತರ ಮೂವತ್ತೊಂದು ವರ್ಷ ಅವರಿಗೆ ಒಮ್ಮೆಯೂ ಕಾಮಣಿ ಆಗಲಿಲ್ಲ. ಕಣ್ಣು ಹಳದಿಯಾಗಲಿಲ್ಲ, ಹೊಟ್ಟೆ ನೋಯಲಿಲ್ಲ. ದಣಿವು ಇತ್ತು. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವ ಹೊತ್ತಿಗೆ ಯಾರಿಗೆ ದಣಿವಿಲ್ಲ? 2009ರಲ್ಲಿ ಸಕ್ಕರೆ ಕಾಯಿಲೆ ಬಂತು. ಅವರ ಮನೆತನದಲ್ಲಿ ಯಾರಿಗೂ ಇರಲಿಲ್ಲ, ಅವರು ಕಡ್ಡಿಯಂತಿದ್ದವರು. ಅದೇ ವರ್ಷದ ರಕ್ತ ಪರೀಕ್ಷೆಯಲ್ಲಿ, ಲಿವರಿಗೆ ಪೆಟ್ಟು ಬಿದ್ದರೆ ಏರುವ ಎಸ್‌ಜಿಪಿಟಿ 68. "ತಗೋತೀರಾ?" ಎಂದು ಹೆಬ್ಬೆರಳು ಬಾಯಿಗೆ ತಂದು ಕೇಳಿದರು ಅಲ್ಲಿಯ ಡಾಕ್ಟರು. ಇಲ್ಲ ಎಂದರೆ ನಕ್ಕರು. 2014ರ ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್ ಎಂದು ಬಂತು. ತುಪ್ಪ ಬಿಡಿ ಎಂದರು, ಬಿಟ್ಟರು. ಬಿಸಿ ಜೋಳದ ರೊಟ್ಟಿಗೆ ತುಪ್ಪ ಸವರದೆ ಉಣ್ಣದವರು ಐದು ವರ್ಷ ಒಣ ರೊಟ್ಟಿ ಮುರಿದರು. ಏನೂ ಇಳಿಯಲಿಲ್ಲ. ಕೊನೆಗೆ 2019ರಲ್ಲಿ ಕಣ್ಣಿನ ಪೊರೆಯ ಆಪರೇಷನ್ನಿಗೆ ಮುಂಚಿನ ಮಾಮೂಲು ಪರೀಕ್ಷೆಯಲ್ಲಿ ಎಚ್‌ಸಿವಿ ಪಾಸಿಟಿವ್ ಬಂತು. ಎರಡನೆಯ ಪರೀಕ್ಷೆ, ಅಂದರೆ ವೈರಸ್ಸಿನ ವಂಶದ ಬರಹವಾದ ಆರ್‌ಎನ್‌ಎಯನ್ನೇ ಎಣಿಸುವ ಪರೀಕ್ಷೆ ಮಾಡಿಸಿದಾಗ ಒಂದು ಮಿಲಿಲೀಟರ್ ರಕ್ತಕ್ಕೆ ಹದಿನಾಲ್ಕು ಲಕ್ಷ. ಹೈದರಾಬಾದಿಗೆ ಹೋಗಿ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದೆವು. 11 ಎಂದು ಬಂತು. ಲಿವರ್ ಗಂಟುಗಟ್ಟುವ ಸಿರೋಸಿಸ್ಸಿಗೆ ಒಂದು ಮೆಟ್ಟಿಲು ಹಿಂದೆ ನಿಂತಿದ್ದೀರಿ ಎಂದರು.

ರಾತ್ರಿ ರೈಲಿನಲ್ಲಿ ವಾಪಸ್ ಬರುವಾಗ ಅವರು ಕೇಳಿದರು: "ಅದು ಒಳಗ ಕುಂತು ಏನ್ ಮಾಡ್ತದ? ನನಗ ಲೆಕ್ಕ ಹೇಳು." ಹತ್ತನೆಯ ತರಗತಿಗೆ ಜೀವಕೋಶ ಕಲಿಸಿದವಳು ನಾನು, ನನಗೂ ಗೊತ್ತಿರಲಿಲ್ಲ. ಮಗಳು ಬೆಂಗಳೂರಿನಲ್ಲಿ ಓದಿದವಳು. ಅವಳಿಂದ ಲೇಖನಗಳನ್ನು ತರಿಸಿಕೊಂಡು ಒಂದು ತಿಂಗಳು ಓದಿದೆ. ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ ಮೂರು ಮೀಟರಿನ ಪಟ್ಟಿ ಮಾಡಿದೆ. ಹೊಲಿಗೆಯ ಕತ್ತರಿ ಹಿಡಿದು ಪಡಸಾಲೆಯಲ್ಲಿ ಅವರ ಎದುರು ಕೂತೆ.

ಈ ವೈರಸ್ಸಿನ ಇಡೀ ಗ್ರಂಥ ಸುಮಾರು 9,600 ಅಕ್ಷರ. ನಮ್ಮದು 300 ಕೋಟಿ ಅಕ್ಷರ, ಹೋಲಿಸಿ ನೋಡಿ. ವೈರಸ್ಸು ಲಿವರಿನ ಕೋಶದೊಳಗೆ ಹೊಕ್ಕು ಈ ಆರ್‌ಎನ್‌ಎಯನ್ನು ಬಿಟ್ಟರೆ, ನಮ್ಮದೇ ಕೋಶದ ಯಂತ್ರ ಅದನ್ನು ತನ್ನದೆಂದು ತಿಳಿದು ಓದಿ, ಸುಮಾರು 3,000 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಪ್ರೋಟೀನು ನೇಯುತ್ತದೆ. ಈ ಪಟ್ಟಿ ಅದೇ ಎಂದೆ. ಹಾಗೇ ಬಿಟ್ಟರೆ ಅದಕ್ಕೆ ಕೆಲಸವಿಲ್ಲ. ಹತ್ತು ತುಂಡಾಗಬೇಕು. ನಾನು ಕತ್ತರಿಸತೊಡಗಿದೆ. ಲೆಕ್ಕದ ಮನುಷ್ಯ ಸುಮ್ಮನೆ ನೋಡುತ್ತ ಕೂಡಲಿಲ್ಲ. "ಕತ್ರಿ ಯಾರದು?" ಎಂದು ಕೇಳಿಬಿಟ್ಟರು.

ಇಡೀ ರೋಗದ ಗುಟ್ಟು ಆ ಪ್ರಶ್ನೆಯಲ್ಲಿದೆ. ಮೊದಲಿನ ಕೆಲವು ತುಂಡುಗಳನ್ನು ಕತ್ತರಿಸುವುದು ನಮ್ಮ ಕೋಶದ್ದೇ ಕತ್ತರಿ. ಉಳಿದವನ್ನು ಕತ್ತರಿಸುವ ಕತ್ತರಿ ಆ ಪಟ್ಟಿಯೊಳಗೇ ಇರುತ್ತದೆ. ಮುಖ್ಯವಾದದ್ದು ಎನ್‌ಎಸ್-3, ಅದಕ್ಕೆ ಹಿಡಿಯಂತೆ ಜೋಡಿಯಾಗುವ ಎನ್‌ಎಸ್-4ಎ. ಈ ಕತ್ತರಿ ತನ್ನ ಪಟ್ಟಿಯನ್ನು ಕತ್ತರಿಸಿ ಸುಮ್ಮನಾಗುವುದಿಲ್ಲ. ನಮ್ಮ ಕೋಶದೊಳಗೆ ವೈರಸ್ಸು ಬಂದರೆ ಕೂಗಿ ಹೇಳುವ ಒಂದು ವ್ಯವಸ್ಥೆ ಇದೆ. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದ ಮೇಲೆ ಎಂಎವಿಎಸ್ ಎಂಬ ಪ್ರೋಟೀನು ಕೂತಿರುತ್ತದೆ. ಹೊರಗಿನ ಆರ್‌ಎನ್‌ಎ ಕಂಡ ಸುದ್ದಿ ಇದರ ಮೂಲಕ ಸಾಗಿ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನು ಹೊರಟು, ಅಕ್ಕಪಕ್ಕದ ಕೋಶಗಳು ಎಚ್ಚರವಾಗಬೇಕು. ಎನ್‌ಎಸ್-3 ಹೋಗಿ ಆ ಎಂಎವಿಎಸ್ಸನ್ನೇ ಕತ್ತರಿಸಿ ಮೈಟೋಕಾಂಡ್ರಿಯಾದಿಂದ ಉದುರಿಸಿಬಿಡುತ್ತದೆ. 2005ರಲ್ಲಿ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಟ್ರಿಫ್ ಎಂಬ ಇನ್ನೊಂದು ಸುದ್ದಿವಾಹಕಕ್ಕೂ ಅದೇ ಕತ್ತರಿ ಬೀಳುತ್ತದೆ. ಮಿಲ್ಲಿಗೆ ಕಳ್ಳ ಹೊಕ್ಕಿದ್ದಾನೆ, ಕಾವಲುಗಾರ ಎಚ್ಚರವಾಗಿದ್ದಾನೆ, ಗಂಟೆಯ ಹಗ್ಗ ಮಾತ್ರ ಕತ್ತರಿಸಿ ಹೋಗಿದೆ. ಮೂವತ್ತೊಂದು ವರ್ಷ ನಮ್ಮ ಮನೆಯಲ್ಲಿ ಯಾಕೆ ಯಾರಿಗೂ ಏನೂ ಕೇಳಿಸಲಿಲ್ಲ ಎಂಬುದು ನನಗೆ ಅವತ್ತು ಅರ್ಥವಾಯಿತು.

ಇನ್ನು ಪಟ್ಟಿಯ ಮೊದಲ ತುಂಡು, ಕೋರ್ ಎಂಬ ಪ್ರೋಟೀನು. ವೈರಸ್ಸಿನ ಆರ್‌ಎನ್‌ಎಗೆ ಚಿಪ್ಪು ಕಟ್ಟುವುದು ಅದರ ಕೆಲಸ. ಆದರೆ ಅದು ಹೋಗಿ ಕೂಡುವುದು ಕೋಶದೊಳಗಿನ ಕೊಬ್ಬಿನ ಹನಿಗಳ ಮೇಲೆ. ಲಿವರಿನ ಕೋಶ ಕೊಬ್ಬನ್ನು ಪೊಟ್ಟಣ ಕಟ್ಟಿ ರಕ್ತಕ್ಕೆ ಕಳಿಸುವ ಕೆಲಸ ಹಗಲಿರುಳು ನಡೆಸುತ್ತದೆ. ಕೋರ್ ಪ್ರೋಟೀನು ಆ ಪೊಟ್ಟಣ ಕಟ್ಟುವ ಕೆಲಸಕ್ಕೇ ಅಡ್ಡ ಬರುತ್ತದೆ. ಇದನ್ನು ನಮ್ಮ ಮನೆಯವರಿಗೆ ಹೇಳಬೇಕಾಗಲಿಲ್ಲ, ಅವರೇ ಹೇಳಿದರು: "ಅಂದ್ರ ಲಾರಿ ಲೋಡ್ ಆಗಂಗಿಲ್ಲ, ಚೀಲ ಅಂಗಳದಾಗ ಬೀಳ್ತಾವ." ಹೌದು, ಅದೇ ಫ್ಯಾಟಿ ಲಿವರ್. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ 3ನೆಯ ಬಗೆಯ ವೈರಸ್ಸಿಗೆ ಈ ಗುಣ ಎಲ್ಲಕ್ಕಿಂತ ಜಾಸ್ತಿ. ತುಪ್ಪ ಬಿಟ್ಟಿದ್ದರಿಂದ ಯಾಕೆ ಏನೂ ಇಳಿಯಲಿಲ್ಲ ಎಂದು ಅರ್ಥವಾಗಿ ಅವರು ಆ ಕಾಗದದ ತುಂಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದರು.

1998ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗ ನನ್ನನ್ನು ಬಹಳ ಕಾಡಿತು. ಪೂರ್ತಿ ವೈರಸ್ಸನ್ನಲ್ಲ, ಈ ಕೋರ್ ಪ್ರೋಟೀನು ಒಂದನ್ನೇ ತಯಾರಿಸುವಂತೆ ಇಲಿಗಳನ್ನು ಬೆಳೆಸಿದರು. ಮೊದಲು ಅವುಗಳ ಲಿವರಿನಲ್ಲಿ ಕೊಬ್ಬು ತುಂಬಿತು, ವಯಸ್ಸಾದಂತೆ ಕ್ಯಾನ್ಸರ್ ಗಡ್ಡೆಯೂ ಬಂತು. ಅಂಥ ಇಲಿಗಳಲ್ಲೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದೂ ಮುಂದೆ ಗೊತ್ತಾಯಿತು. ಇನ್ಸುಲಿನ್ ಬಂದು ಬಾಗಿಲು ತಟ್ಟಿದರೆ ಆ ಸುದ್ದಿಯನ್ನು ಒಳಗೆ ಒಯ್ಯುವ ಐಆರ್‌ಎಸ್-1 ಎಂಬ ಪ್ರೋಟೀನನ್ನು ಕೋಶ ಒಡೆದುಹಾಕುವಂತೆ ಈ ಕೋರ್ ಮಾಡುತ್ತದೆ. ನಮ್ಮ ಮನೆಯವರ ಸಕ್ಕರೆ ಕಾಯಿಲೆಗೆ ಇದೊಂದೇ ಕಾರಣ ಎಂದು ನಾನು ಹೇಳಲಾರೆ, ಯಾವ ಡಾಕ್ಟರೂ ಹೇಳಲಾರರು. ಆದರೆ ಕುಡಿಯದ, ಬೊಜ್ಜಿಲ್ಲದ ಮನುಷ್ಯನಿಗೆ ಫ್ಯಾಟಿ ಲಿವರ್, ಸಕ್ಕರೆ, ಏರಿದ ಎಸ್‌ಜಿಪಿಟಿ ಮೂರೂ ಒಟ್ಟಿಗೆ ಕಂಡಾಗ ಎಚ್‌ಸಿವಿ ಪರೀಕ್ಷೆ ಒಂದನ್ನು ಬರೆದುಕೊಡಬಹುದಿತ್ತಲ್ಲವೇ? ಹತ್ತು ವರ್ಷದಲ್ಲಿ ಯಾರೂ ಬರೆಯಲಿಲ್ಲ. ಇದು ನನ್ನ ದುಃಖ.

ಮೈಟೋಕಾಂಡ್ರಿಯಾಗೂ ಕೋರ್ ಕಾಟ ಕೊಡುತ್ತದೆ. ಒಳಗಿನ ಕ್ಯಾಲ್ಸಿಯಂ ಏರುಪೇರಾಗಿ, ಆಮ್ಲಜನಕದ ಕಿಡಿಯಂಥ ಕಣಗಳು ಹೊರಬಿದ್ದು ಕೋಶದ ಡಿಎನ್‌ಎಗೇ ಪೆಟ್ಟು ಬೀಳುತ್ತದೆ. ಎನ್‌ಎಸ್-4ಬಿ ಎಂಬ ತುಂಡು ಕೋಶದ ಪೊರೆಗಳನ್ನು ತಿರುಚಿ ಜೇಡರ ಬಲೆಯಂಥ ಗೂಡು ಕಟ್ಟುತ್ತದೆ. ಅದರ ಮರೆಯಲ್ಲಿ ಎನ್‌ಎಸ್-5ಎ ಮೇಸ್ತ್ರಿಯಂತೆ ನಿಂತು, ಎನ್‌ಎಸ್-5ಬಿ ವೈರಸ್ಸಿನ ನಕಲು ತೆಗೆಯುತ್ತದೆ. ಸೋಂಕು ಹಳೆಯದಾದ ಒಬ್ಬ ಮನುಷ್ಯನ ಮೈಯಲ್ಲಿ ದಿನಕ್ಕೆ ಸುಮಾರು ಲಕ್ಷ ಕೋಟಿ ವೈರಸ್ ಕಣ ಹುಟ್ಟುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ನಕಲು ತೆಗೆಯುವಾಗ ತಪ್ಪು ತಿದ್ದುವ ಅಭ್ಯಾಸ ಎನ್‌ಎಸ್-5ಬಿಗೆ ಇಲ್ಲ. ಹೀಗಾಗಿ ಒಂದರಂತೆ ಒಂದಿರುವುದಿಲ್ಲ, ನಮ್ಮ ಮೈಯ ಪಡೆ ಗುರುತು ಹಿಡಿಯುವಷ್ಟರಲ್ಲಿ ವೇಷ ಬದಲಾಗಿರುತ್ತದೆ. ಹೆಪಟೈಟಿಸ್ ಬಿಗೆ ಲಸಿಕೆ ಇದ್ದು ಸಿಗೆ ಇನ್ನೂ ಬಾರದಿರಲು ಇದು ದೊಡ್ಡ ಕಾರಣ.

ಗುರುತು ಹಿಡಿದಷ್ಟಕ್ಕೆ ನಮ್ಮ ರಕ್ಷಣಾ ಕೋಶಗಳು ಬಂದು ಸೋಂಕಿತ ಲಿವರ್ ಕೋಶಗಳನ್ನು ಕೊಲ್ಲುತ್ತವೆ. ಸತ್ತಲ್ಲಿ ಗಾಯ, ಗಾಯದ ಮೇಲೆ ನಾರು. ವರ್ಷಗಟ್ಟಲೆ ಹೀಗೇ ನಡೆದು ಮೆತ್ತನೆಯ ಲಿವರ್ ಗಂಟುಗಂಟಾಗುತ್ತದೆ, ಅದೇ ಸಿರೋಸಿಸ್. ಸೋಂಕು ತಗುಲಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಆರು ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ. ಮೈಯಲ್ಲಿ ಉಳಿದವರಲ್ಲಿ ಇಪ್ಪತ್ತು ವರ್ಷದೊಳಗೆ ನೂರಕ್ಕೆ 15ರಿಂದ 30 ಮಂದಿಗೆ ಸಿರೋಸಿಸ್ ಆಗಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ 2024ರ ವರದಿಯ ಪ್ರಕಾರ ಭಾರತದಲ್ಲಿ ಈ ಸೋಂಕು ಹೊತ್ತವರು ಸುಮಾರು 55 ಲಕ್ಷ.

ಇಷ್ಟೆಲ್ಲ ಪ್ರೋಟೀನುಗಳ ಹೆಸರು ಪತ್ರಿಕೆಯ ಓದುಗರಿಗೆ ಯಾಕೆ ಎಂದು ತಾವು ಕೇಳಬಹುದು. ಗುಳಿಗೆ ಕೆಲಸ ಮಾಡುವುದು ಇವೇ ಹೆಸರುಗಳ ಮೇಲೆ, ಅದಕ್ಕೆ. ಸೋಫೋಸ್ಬುವಿರ್ ಎಂಬ ಗುಳಿಗೆ ಎನ್‌ಎಸ್-5ಬಿಗೆ ಸುಳ್ಳು ಅಕ್ಷರವೊಂದನ್ನು ತಿನ್ನಿಸುತ್ತದೆ, ನಕಲು ಅಲ್ಲಿಗೇ ನಿಲ್ಲುತ್ತದೆ. ಡಕ್ಲಟಾಸ್ವಿರ್ ಎಂಬುದು ಎನ್‌ಎಸ್-5ಎಯ ಕೈ ಕಟ್ಟುತ್ತದೆ. ಎನ್‌ಎಸ್-3ರ ಕತ್ತರಿಯ ಬಾಯಿ ಬಿಗಿಯುವ ಔಷಧಿಗಳೂ ಇವೆ. ಟಾನಿಕ್ಕಿನಲ್ಲಿ ಈ ಕೆಲಸ ಮಾಡುವ ಒಂದು ಹನಿಯೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಖಾಲಿ ಹೊಟ್ಟೆಗೆ ಕೊಡುವ ಎಲೆಯ ರಸಕ್ಕೂ, ಮುಂಗೈಗೆ ಹಾಕುವ ಬರೆಗೂ ಇದೇ ಮಾತು. ಕೊಳೆ ನೀರಿನಿಂದ ಬರುವ ಎ ಮತ್ತು ಇ ಬಗೆಯ ಕಾಮಣಿ ಬಹುತೇಕರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಹೆಸರು ಎಲೆಯ ರಸಕ್ಕೆ ಬರುತ್ತದೆ. ಆ ನಂಬಿಕೆಯಲ್ಲೇ ಸಿ ಬಗೆಯವರೂ ಅಲ್ಲಿಗೆ ಹೋಗಿ ವರ್ಷಗಳನ್ನು ಕಳೆದುಕೊಳ್ಳುತ್ತಾರೆ.

ನಮ್ಮ ಮನೆಯವರು 2019ರ ದೀಪಾವಳಿಯ ಹಿಂದಿನ ವಾರ ಗುಳಿಗೆ ಶುರು ಮಾಡಿದರು. ದಿನಕ್ಕೆ ಎರಡು ಗುಳಿಗೆ, 84 ದಿನ. ಅಮೆರಿಕದಲ್ಲಿ 2013ರ ಕೊನೆಗೆ ಸೋಫೋಸ್ಬುವಿರ್ ಬಂದಾಗ ಒಂದು ಗುಳಿಗೆಗೆ ಸಾವಿರ ಡಾಲರ್ ಇತ್ತಂತೆ. ನಮ್ಮ ದೇಶದ ಕಂಪನಿಗಳು ಅದನ್ನು ತಯಾರಿಸತೊಡಗಿದ ಮೇಲೆ ಬೆಲೆ ಬಿತ್ತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ನಮಗೆ ಒಂದು ಪೈಸೆ ಖರ್ಚಾಗಲಿಲ್ಲ. ಅವರು ಲೆಕ್ಕದ ಪುಸ್ತಕದಲ್ಲಿ ದಿನಕ್ಕೊಂದು ಗೆರೆ ಎಳೆದು, ಭೋಗಿಗೆ ಎರಡು ದಿನ ಮುಂಚೆ ಕೊನೆಯ ಗುಳಿಗೆ ನುಂಗಿ, ಕೆಳಗೆ ಒಟ್ಟು ಬರೆದು ಜೋಡಿ ಗೆರೆ ಹಾಕಿದರು. ಹನ್ನೆರಡು ವಾರ ಬಿಟ್ಟು ಮತ್ತೆ ಆರ್‌ಎನ್‌ಎ ಪರೀಕ್ಷೆ ಆಗಬೇಕು. ಅಷ್ಟರಲ್ಲಿ ಮಾರ್ಚ್ ಬಂತು, ದೇಶದ ಮೊದಲ ಕೊರೊನಾ ಸಾವು ನಮ್ಮೂರಿನಲ್ಲೇ ಆಯಿತು, ಎಲ್ಲ ಬಂದ್. ಜೂನಿನಲ್ಲಿ ರಕ್ತ ಕೊಟ್ಟರು. ವೈರಸ್ ಕಂಡುಬಂದಿಲ್ಲ ಎಂದು ಬಂತು. ಈ ವೈರಸ್ಸು ನಮ್ಮ ಡಿಎನ್‌ಎಯಲ್ಲಿ ಬೇರು ಬಿಡುವುದಿಲ್ಲ. ನಕಲು ನಿಂತರೆ ಅದರ ಸಂತಾನವೇ ನಿಲ್ಲುತ್ತದೆ. ಹೀಗೆ ಗುಳಿಗೆ ಪೂರ್ತಿ ಮಾಡಿದ ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿಗೆ ಇದು ಪೂರಾ ಹೋಗುತ್ತದೆ. ಲಿವರಿನಲ್ಲಿ ಆಗಿದ್ದ ನಾರು ಒಮ್ಮೆಲೇ ಹೋಗದು, ಅದಕ್ಕೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಈಗಲೂ ಮಾಡಿಸುತ್ತೇವೆ.

ಗುಣವಾದ ಮೇಲೆ ಆದದ್ದನ್ನೂ ಹೇಳಬೇಕು. 2022ರಲ್ಲಿ ಮೊಣಕಾಲಿನ ಆಪರೇಷನ್ನಿಗೆ ಒಂದು ಆಸ್ಪತ್ರೆಗೆ ಹೋದಾಗ ಕಾರ್ಡ್ ಪರೀಕ್ಷೆಯಲ್ಲಿ ಮತ್ತೆ ರಿಯಾಕ್ಟಿವ್ ಬಂತು. ಅವರ ಫೈಲಿಗೆ ಕೆಂಪು ಚೀಟಿ ಅಂಟಿಸಿ ಹಾಸಿಗೆಯನ್ನು ಮೂಲೆಗೆ ಸರಿಸಿದರು. ಕಾರ್ಡ್ ಪರೀಕ್ಷೆ ಹಿಡಿಯುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ಮೈ ಕಟ್ಟಿದ ಪ್ರತಿಕಾಯಗಳನ್ನು. ಗುಣವಾದರೂ ಅವು ಸಾಮಾನ್ಯವಾಗಿ ಜೀವಮಾನವಿಡೀ ರಕ್ತದಲ್ಲಿರುತ್ತವೆ. ನಾನು ಆರ್‌ಎನ್‌ಎ ರಿಪೋರ್ಟು ತೋರಿಸಿದೆ, ಯಾರೂ ಓದಲಿಲ್ಲ. ಮನೆಯ ಕಡೆಯವರೂ ಕಡಿಮೆಯಲ್ಲ. ಹತ್ತಿರದ ಬಂಧುಗಳ ಮನೆಯ ವಾಸ್ತುಶಾಂತಿಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ಬಂತು, ಇವರೊಬ್ಬರಿಗೆ ಕಾಗದದ ಲೋಟದಲ್ಲಿ. ಇವರು ಏನೂ ಅನ್ನದೆ ಕುಡಿದರು. ಒಂದೇ ತಾಟಿನಲ್ಲಿ ಉಂಡರೆ, ಕೈ ಹಿಡಿದರೆ, ಕೆಮ್ಮಿದರೆ ಹೆಪಟೈಟಿಸ್ ಸಿ ಬರುವುದಿಲ್ಲ. ಅದು ಬರುವುದು ರಕ್ತದಿಂದ ರಕ್ತಕ್ಕೆ: ಕುದಿಸದ ಸೂಜಿ, ಹಂಚಿಕೊಂಡ ಬ್ಲೇಡು, ಜಾತ್ರೆಯಲ್ಲಿ ಹತ್ತು ಜನರಿಗೆ ಒಂದೇ ಸೂಜಿಯಲ್ಲಿ ಹಾಕುವ ಹಚ್ಚೆ. ಜ್ವರಕ್ಕೂ ನೆಗಡಿಗೂ "ಸೂಜಿ ಮಾಡ್ರಿ" ಎಂದು ಹಟ ಹಿಡಿದು ಮಾಡಿಸಿಕೊಳ್ಳುವ ನಮ್ಮ ಭಾಗದ ರೂಢಿಗೆ ನಾನು ನಿಜಕ್ಕೂ ಹೆದರುತ್ತೇನೆ.

ತಮ್ಮ ಪತ್ರಿಕೆಯ ಮೂಲಕ ಆರೋಗ್ಯ ಇಲಾಖೆಯನ್ನು ಬೇಡುವುದು ಇಷ್ಟೇ. ಎಚ್‌ಸಿವಿ ರಿಯಾಕ್ಟಿವ್ ಎಂದು ಬರೆದುಕೊಡುವ ಪ್ರತಿಯೊಂದು ಲ್ಯಾಬೂ ಅದರ ಜೊತೆ ಕನ್ನಡದಲ್ಲಿ, ನಮ್ಮ ಊರಿಗೆ ಉರ್ದುವಿನಲ್ಲೂ, ನಾಲ್ಕು ಸಾಲಿನ ಚೀಟಿ ಕೊಡಲಿ: ಇದು ಅರ್ಧ ಪರೀಕ್ಷೆ, ಆರ್‌ಎನ್‌ಎ ಪರೀಕ್ಷೆ ಬಾಕಿ ಇದೆ, ಸರ್ಕಾರಿ ಚಿಕಿತ್ಸಾ ಕೇಂದ್ರದಲ್ಲಿ ಅದೂ ಗುಳಿಗೆಯೂ ಉಚಿತ, ಟಾನಿಕ್ ಕೊಳ್ಳಬೇಡಿ. ಅಫಜಲಪುರ, ಆಳಂದ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗಳಲ್ಲೇ ರಕ್ತ ತೆಗೆದು ಜಿಲ್ಲೆಗೆ ಕಳಿಸುವಂತಾದರೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವುದು ತಪ್ಪುತ್ತದೆ. ಡಾಕ್ಟರುಗಳಲ್ಲಿ ಕೈಮುಗಿದು ಕೇಳುತ್ತೇನೆ: ಕುಡಿತೀರಾ ಎಂದು ಧಾರಾಳವಾಗಿ ಕೇಳಿ, ಅದು ಬೇಕಾದ ಪ್ರಶ್ನೆಯೇ. ಇಲ್ಲ ಎಂದವರನ್ನು ನಂಬಿ. ರಕ್ತ ಏರಿಸಿಕೊಂಡಿದ್ದೀರಾ, ಡಯಾಲಿಸಿಸ್ ಆಗುತ್ತಿದೆಯೇ, ಹಚ್ಚೆ ಹಾಕಿಸಿಕೊಂಡಿದ್ದೀರಾ ಎಂದೂ ಕೇಳಿ.

ಅಂಗಡಿಯಲ್ಲಿ ಆ ಹುಡುಗ ಎರಡೂ ಬಾಟಲಿ ವಾಪಸ್ ಕೊಟ್ಟ. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ, ಅವರಿಗೂ ಇದು ಹೊಸ ಸಂಗತಿಯಾಗಿತ್ತು. ತಂದೆಗೆ 1996ರಲ್ಲಿ ಹೊಟ್ಟೆಯ ಆಪರೇಷನ್ ಆಗಿ ರಕ್ತ ಏರಿಸಿದ್ದು ಅವನಿಗೆ ಆಮೇಲೆ ನೆನಪಾಯಿತು. ಬರುವ ಸೋಮವಾರ ಮುಂಜಾನೆ ಅವರನ್ನು ಕರೆದುಕೊಂಡು ಬರುತ್ತಾನೆ. ನಾನೂ ಜೊತೆಗೆ ಹೋಗುತ್ತೇನೆ. ಮೊಣಕಾಲು ನೋವಿದ್ದರೂ ನಮ್ಮ ಮನೆಯವರು ತಾವೂ ಬರುತ್ತೇವೆ ಎಂದಿದ್ದಾರೆ. ನಿನ್ನೆಯಿಂದ ಕಪಾಟಿನಲ್ಲಿ ಆ 84 ಗೆರೆಯ ಲೆಕ್ಕದ ಪುಸ್ತಕ ಹುಡುಕುತ್ತಿದ್ದಾರೆ, ಆ ಹುಡುಗನ ತಂದೆಗೆ ತೋರಿಸಬೇಕಂತೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಕಲಬುರಗಿ